ಮೂರನೇ ಕಿಟಕಿಯವನು ನುಂಗಿದ ಕೂಗು

ಒಂದು ಒಗಟು. ಬಿಡಿಸಿದವರಿಗೆ ನನ್ನ ಪಾಲಿನ ಕಡಲೆಮಿಠಾಯಿ.

ಅವಳಿ ಜವಳಿ ಅಪ್ಪಿಕೊಂಡರೆ ಇಬ್ಬರೂ ಮಾಯ. ಮಾಯವಾದವರು ಬೆನ್ನಿಗೆ ಬೆನ್ನು ಕೊಟ್ಟು ಓಡುತ್ತಾರೆ. ಓಡುವವರನ್ನು ಒಬ್ಬ ಕಂಡರೆ ಯಾರೂ ಕಂಡಿಲ್ಲ. ಇಬ್ಬರು ಕಂಡರೆ ಊರೇ ಕಂಡಿತು. ಏನದು?

ಬೆಂಕಿಪೊಟ್ಟಣ ಅಂದಿರಾ? ಅಲ್ಲ. ನೆರಳು? ಅಲ್ಲವೇ ಅಲ್ಲ. ಗಂಡ ಹೆಂಡತಿ ಅಂತ ಹಿಂದಿನಿಂದ ಯಾರೋ ನಕ್ಕರು. ಅದೂ ಅಲ್ಲ, ಆದರೆ ಸ್ವಲ್ಪ ಹತ್ತಿರ ಬಂದಿರಿ. ಹೋಗಲಿ, ಸೋತೆ ಅನ್ನಿ. ಸೋತವರು ಗೆದ್ದವರಿಗೆ ಒಂದೂರು ಬಿಟ್ಟುಕೊಡಬೇಕು ಅನ್ನೋದು ನಮ್ಮ ಆಟದ ಕಟ್ಟಳೆ. ನಿಮ್ಮ ಹತ್ತಿರ ಕೊಡೋಕೆ ಊರಿಲ್ಲ, ಗೊತ್ತು. ಅದಕ್ಕೇ ನಾನೇ ನಿಮಗೆ ಒಂದೂರು ಕೊಡ್ತೀನಿ. ಮಿಠಾಯಿ ಸದ್ಯಕ್ಕೆ ನನ್ನ ಜೇಬಲ್ಲೇ ಇರಲಿ.

ಆ ಊರು ಬಳೆಯ ಹಾಗೆ ದುಂಡಗಿತ್ತು. ಹನ್ನೆರಡು ಮನೆ, ಹನ್ನೆರಡು ಕಿಟಕಿ, ಎಲ್ಲ ಕಿಟಕಿಗಳೂ ಒಳಮುಖ. ನಡುವೆ ಬಯಲು. ಬಯಲ ನಡುವೆ ಮಲಗುಗಲ್ಲು. ದುಂಡೂರಿಗೆ ಮೂಲೆ ಎಲ್ಲಿಂದ ಬರಬೇಕು, ಆದರೂ ಒಂದು ಮೂಲೆಯಲ್ಲಿ ಗಾಣವಿತ್ತು. ಅದು ಎಣ್ಣೆ ತೆಗೆಯುವ ಗಾಣವಲ್ಲ. ಎತ್ತು ಸುತ್ತಬೇಕು, ಸುತ್ತಿದಷ್ಟೂ ಜೋರಾಗಿ ಸುತ್ತಬೇಕು, ಎತ್ತಿನ ಕೊಂಬು ಬಾಲ ಒಂದೇ ಗೆರೆಯಾಗಿ ಕಾಣುವ ತನಕ ಸುತ್ತಬೇಕು. ಆಗ ಒರಳಿನ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಪುಡಿ ಕೂರುತ್ತಿತ್ತು. ಆ ಪುಡಿಯೊಳಗಿಂದ ಒಂದೊಂದಾಗಿ ಎದುರಿಗಗಳು ಹುಟ್ಟುತ್ತಿದ್ದವು.

ಎದುರಿಗ ಅಂದರೆ ಏನು? ಕಲ್ಲಲ್ಲಿ, ನೀರಲ್ಲಿ, ನಿಮ್ಮ ಮೂಗಿನ ತುದಿಯಲ್ಲಿ, ಎಲ್ಲೆಲ್ಲೂ ಓಡಾಡಿಕೊಂಡಿರುವ ಒಂದು ಕಣ ಇದೆಯಲ್ಲ, ಅದರ ತದ್ರೂಪು. ತೂಕ ಅದೇ. ನಡೆ ಅದೇ. ಗುಣ ಮಾತ್ರ ತಿರುಗಾಮುರುಗಾ. ಓದಿದವರು ಅದನ್ನು ಪಾಸಿಟ್ರಾನ್ ಅಂತಾರಂತೆ. ಓದದ ಆ ಊರಿನವರು ಎದುರಿಗ ಅಂತಿದ್ದರು. ಯಾವ ಹೆಸರಲ್ಲಿ ಕರೆದರೂ ಅದು ತಿರುಗಿ ನೋಡುತ್ತಿರಲಿಲ್ಲ. ಅಷ್ಟು ಹೊತ್ತು ಬದುಕಿದ್ದರೆ ತಾನೆ? ಹುಟ್ಟಿದ ಕೂಡಲೇ ತನ್ನ ಜೋಡಿಯನ್ನು ಹುಡುಕಿ ಹೊರಡುತ್ತಿತ್ತು. ಸಿಕ್ಕಿದ ಕೂಡಲೇ ಅಪ್ಪಿಕೊಳ್ಳುತ್ತಿತ್ತು. ಅಪ್ಪಿಕೊಂಡ ಕೂಡಲೇ ಎರಡೂ ಇಲ್ಲ. ಅವು ಇದ್ದ ಜಾಗದಿಂದ ಎರಡು ಬೆಳಕು ಒಂದಕ್ಕೊಂದು ಬೆನ್ನು ಮಾಡಿ, ನೂಲು ಹಿಡಿದಂತೆ ನೆಟ್ಟಗೆ ಓಡುತ್ತಿದ್ದವು. ಮಾಂಸ, ಮೂಳೆ, ಯಾವುದನ್ನೂ ಲೆಕ್ಕಿಸದೆ ದಾಟುತ್ತಿದ್ದವು. ಬರಿಗಣ್ಣಿಗೆ ಕಾಣದ ಬೆಳಕು ಅದು. ಅದಕ್ಕೇ ಪ್ರತಿ ಕಿಟಕಿಯ ಗೂಡಿನಲ್ಲೂ ಒಂದು ಹರಳು ಇಟ್ಟಿದ್ದರು. ಬೆಳಕು ತಾಕಿದರೆ ಹರಳು ಒಂದು ಚಿಟಿಕೆ ನೀಲಿ ಹೊಳೆಯುತ್ತಿತ್ತು.

ಈಗ ಆ ಊರಿನ ಕಟ್ಟಳೆ ಕೇಳಿ.

ಯಾರಿಗಾದರೂ ಒಳಗೊಳಗೇ ಕಾಯಿಲೆ ಬಂದು, ಎಲ್ಲಿದೆ ಅಂತ ಗೊತ್ತಾಗದಿದ್ದರೆ, ಅವರು ಒಂದು ಹೊತ್ತು ಉಪವಾಸ ಇರಬೇಕು. ಗಾಣದಜ್ಜ ಪುಡಿಯನ್ನು ಬೆಲ್ಲದಲ್ಲಿ ಕಲಸಿ ಉಂಡೆ ಕಟ್ಟುತ್ತಾನೆ. ರೋಗಿ ಅದನ್ನು ತಿಂದು ಮಲಗುಗಲ್ಲಿನ ಮೇಲೆ ಹಂದಾಡದೆ ಮಲಗಬೇಕು. ಕಾಯಿಲೆಗೆ ಸಿಹಿ ಕಂಡರೆ ಬಾಯಿ ಚಪಲ. ಮೈಯ ಉಳಿದ ಭಾಗ ಒಂದು ತುತ್ತು ತಿಂದರೆ ಕಾಯಿಲೆ ಹತ್ತು ತುತ್ತು ತಿನ್ನುತ್ತದೆ. ತಿಂದ ಜಾಗದಲ್ಲೇ ಎದುರಿಗ ಹುಟ್ಟುತ್ತದೆ, ಅಪ್ಪುತ್ತದೆ, ಬೆಳಕಾಗಿ ಓಡುತ್ತದೆ. ಆ ಬೆಳಕು ತಾಕಿದ ಎರಡು ಕಿಟಕಿಯವರು ಒಂದೇ ಉಸಿರಿಗೆ "ಕಂಡೆ!" ಅಂತ ಕೂಗಬೇಕು. ಕೂಗಿದ ಇಬ್ಬರ ಕಿಟಕಿಗಳ ನಡುವೆ ದಾರದಮ್ಮ ರೋಗಿಯ ಮೈಮೇಲಿಂದ ಹಾದುಹೋಗುವ ಹಾಗೆ ಒಂದು ಕೆಂಪು ದಾರ ಬಿಗಿಯುತ್ತಾಳೆ. ಎರಡು ದಾರ ಸಾಲದು. ಎರಡು ದಾರ ಎಲ್ಲಾದರೂ ಅಡ್ಡಹಾಯುತ್ತವೆ. ಅದು ದಾರದ ಗುಣ, ಕಾಯಿಲೆಯ ಗುಣವಲ್ಲ. ಮೂರು ದಾರ ಒಂದೇ ಕಡೆ ಕೂಡಿದರೆ, ಅಲ್ಲಿ ದಾರದಮ್ಮ ಬೆರಳಿಡುತ್ತಾಳೆ. ಬೆರಳಿಟ್ಟ ಕಾಯಿಲೆ ಅಲ್ಲಿಂದ ಇಳಿಯುತ್ತದೆ. ಬೆರಳಿಗೆ ಸಿಗದ ಕಾಯಿಲೆ ಮನುಷ್ಯನನ್ನು ತಿಂದು ಮುಗಿಸುತ್ತದೆ.

ಒಬ್ಬನೇ ಕೂಗಿದರೆ? ಅದು ಒಂಟಿಕೂಗು. ಊರಿನವರು ಅನ್ನುತ್ತಿದ್ದರು: ಒಂದು ಕೂಗು ಗಾಳಿ, ಎರಡು ಕೂಗು ದಾರ. ಒಂಟಿಕೂಗು ಕೂಗಿದವನ ಕಣ್ಣು ಹುಸಿ ಅಂತ ಅವನ ಕಿಟಕಿಗೆ ಇದ್ದಿಲಿನ ಗೆರೆ ಎಳೆಯುತ್ತಿದ್ದರು. ಮೂರು ಗೆರೆ ಬಿದ್ದರೆ ಕಿಟಕಿಗೆ ಮಣ್ಣು ಮೆತ್ತುತ್ತಿದ್ದರು.

ಉಂಡೆಗೂ ಒಂದು ಕಟ್ಟಳೆ. ನೀರಿನ ಕೊಳಗದಲ್ಲಿ ತಳಕ್ಕೆ ಸಣ್ಣ ತೂತಿರುವ ತಾಮ್ರದ ಬಟ್ಟಲು ತೇಲಿಬಿಡುತ್ತಿದ್ದರು. ಬಟ್ಟಲು ಒಮ್ಮೆ ಮುಳುಗಿದರೆ ಉಂಡೆಯ ಕಸುವು ಅರ್ಧ. ಇನ್ನೊಮ್ಮೆ ಮುಳುಗಿದರೆ ಅರ್ಧದಲ್ಲಿ ಅರ್ಧ. ಮೂರನೇ ಸಲ ಮುಳುಗಿದ ಮೇಲೆ ಹರಳು ಹೊಳೆಯುವುದಿಲ್ಲ ಅಂತಲೇ ಇಟ್ಟುಕೊಳ್ಳಿ. "ಅಜ್ಜಾ, ಪೂರ್ತಿ ಮುಗಿಯೋದು ಯಾವಾಗ?" ಅಂತ ಕೇಳಿದರೆ ಗಾಣದಜ್ಜ, "ಮುಗಿಯೋದಿಲ್ಲ ಮಗಾ, ನಮ್ಮ ಕೈಗೆ ಸಿಗೋದು ಮುಗೀತದೆ" ಅನ್ನುತ್ತಿದ್ದ. ಇನ್ನೊಂದು ಉಂಡೆ ಕೊಡಿ ಅನ್ನುವ ಹಾಗೂ ಇಲ್ಲ. ಒಬ್ಬರಿಗೆ ವರ್ಷಕ್ಕೆ ಒಂದೇ. ಎರಡು ತಿಂದರೆ ಕಾಯಿಲೆ ಹುಡುಕಲು ಹೋದ ಬೆಳಕೇ ಕಾಯಿಲೆಯಾಗುತ್ತಿತ್ತು.

ಗಾಣ ತಿರುಗುತ್ತಿತ್ತು. ಬಟ್ಟಲು ಮುಳುಗುತ್ತಿತ್ತು. ಕಿಟಕಿಗಳು ಕೂಗುತ್ತಿದ್ದವು.

ಮೂರನೇ ಕಿಟಕಿಯಲ್ಲಿ ಕೂತವನ ಕಥೆ ಇದು. ಅವನ ಕಣ್ಣು ಹದ್ದಿನ ಕಣ್ಣು. ಹರಳು ಹೊಳೆಯುವ ಮೊದಲೇ ಕಾಣುತ್ತಾನೆ ಅನ್ನುವಷ್ಟು ಚುರುಕು. ಗಂಟಲು ಮಾತ್ರ ಸೊಳ್ಳೆಯದ್ದು. ಅವನ ನೇರ ಎದುರಿಗೆ, ಬಯಲಿನ ಆಚೆ, ಒಂಬತ್ತನೇ ಕಿಟಕಿ. ಮಲಗುಗಲ್ಲು ನಡುವೆ ಇದ್ದದ್ದರಿಂದ ಮೂರನೆಯವನಿಗೆ ಬಂದ ಬೆಳಕಿನ ಜೋಡಿ ಹೆಚ್ಚುಕಮ್ಮಿ ಒಂಬತ್ತನೆಯವನಿಗೇ ಹೋಗುತ್ತಿತ್ತು. ಅವನ ಗಂಟಲು? ಅಯ್ಯಯ್ಯೋ. ಅವನು "ಕಂಡೆ!" ಅಂದರೆ ಗಾಣದ ಎತ್ತು ನಿಂತು ಸಗಣಿ ಹಾಕುತ್ತಿತ್ತು.

ಇಬ್ಬರೂ ಒಂದೇ ಉಸಿರಿಗೆ ಕೂಗುತ್ತಿದ್ದರು. ಇಬ್ಬರಿಂದಲೇ ದಾರ. ಆದರೆ ಗುಣವಾದವರು ಎದ್ದು ಕೂತು ಮೊದಲು ಕೈಮುಗಿಯುತ್ತಿದ್ದದ್ದು ಒಂಬತ್ತನೇ ಕಿಟಕಿಗೆ. "ಒಂಬತ್ತನೆಯೋರು ಕಂಡುಬಿಟ್ರು, ಇಲ್ಲಾಂದ್ರೆ ನಾನೆಲ್ಲಿ ಉಳೀತಿದ್ದೆ!" ಮೂರನೆಯವನು ಗೂಡಿನಿಂದ ಮುಖ ಹೊರಗಿಟ್ಟು ಕಾಯುತ್ತಿದ್ದ. ಯಾರೂ ತಿರುಗದಿದ್ದಾಗ, ಹರಳು ಒರೆಸುತ್ತಿದ್ದವನ ಹಾಗೆ ನಟಿಸುತ್ತಿದ್ದ.

ಇದೆಲ್ಲ ಹೇಗೋ ನುಂಗಬಹುದಿತ್ತು. ಮನೆಯೊಳಗೆ ಕೌದಿ ಹೊಲಿಯುತ್ತ ಕೂತ ಹೆಂಡತಿ ಒಂದು ದಿನ ಅಂದಳು:

"ಏನಂದ್ರೆ, ಇವತ್ತು ಒಂಬತ್ತನೆಯೋರು ಕೂಗಿದ್ದು ಕೇಳಿದ್ರಾ? ಮೊಸರಿನ ಗಡಿಗೆ ಅಲ್ಲಾಡ್ತು."

"ನಾನೂ ಕೂಗಿದೆ."

"ಹೌದಾ? ನನಗೆ ಕೇಳಿಸ್ಲೇ ಇಲ್ಲ."

"ಅದೇ ಉಸಿರಿಗೆ ಕೂಗಿದ್ದು ಕಣೇ. ಇಲ್ಲಾಂದ್ರೆ ದಾರ ಬೀಳ್ತಿತ್ತಾ?"

"ಇರಬೌದು ಬಿಡಿ. ಸಾರಿಗೆ ಉಪ್ಪು ಸಾಕಾ ನೋಡಿ."

ಸಾರಿಗೆ ಉಪ್ಪು ಸಾಕಾಗಿತ್ತು. ಅವನಿಗೆ ಮಾತ್ರ ಬಾಯೆಲ್ಲ ಖಾರ. ಅಂದಿನಿಂದ ಅವನು ಹೆಂಡತಿಯ ಕಿವಿಯನ್ನೇ ಕಾಯತೊಡಗಿದ. ಬಯಲಿನಲ್ಲಿ ಕೂಗು ಎದ್ದಾಗ ಅವಳ ಸೂಜಿ ನಿಲ್ಲುತ್ತದೆಯೇ? ನಿಂತಿತು. ಯಾವ ಕೂಗಿಗೆ ನಿಂತಿತು? ತಲೆ ಎತ್ತಿದಳೇ? ಎತ್ತಿದಳು. ನಕ್ಕಳೇ? ನಕ್ಕಂತಿತ್ತು. ಊರಲ್ಲಿ ಮದುವೆಯಾದರೆ ಮೂರನೆಯವನನ್ನೂ ಒಂಬತ್ತನೆಯವನನ್ನೂ ಒಂದೇ ಪಂಕ್ತಿಗೆ ಕೂರಿಸುತ್ತಿರಲಿಲ್ಲ. ಎದುರು ಕಿಟಕಿಯವರು ಮುಟ್ಟಿಕೊಂಡರೆ ಎದುರಿಗಗಳ ಹಾಗೆ ಇಬ್ಬರೂ ಮಾಯವಾಗುತ್ತಾರೆ ಅಂತ ಯಾವನೋ ಹಿರೀಕ ಹೇಳಿಹೋಗಿದ್ದ. ಮೂರನೆಯವನು ದಿನಾ ಲೆಕ್ಕ ಹಾಕುತ್ತಿದ್ದ: ಅವನು ಮಾತ್ರ ಮಾಯವಾಗಿ ನಾನು ಉಳಿಯುವ ದಾರಿ ಏನಾದರೂ ಇದೆಯೇ?

ದಾರಿ ತಾನಾಗಿ ಬಂತು.

ಒಂದು ದಿನ ಕ್ಷೌರದವನು ಮಲಗುಗಲ್ಲಿನ ಮೇಲೆ ಮಲಗಿದ್ದ. ಮೂರು ದಾರ ಆಗಲೇ ಬಿದ್ದಿದ್ದವು. ದಾರದಮ್ಮ ಬೆರಳು ಮಡಚುತ್ತಿದ್ದಳು. ಆಗ ಮೂರನೇ ಗೂಡಿನ ಹರಳು ಇನ್ನೊಮ್ಮೆ ಹೊಳೆಯಿತು. ಮೂರನೆಯವನು ಬಾಯಿ ತೆರೆದ. ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಕೂಗನ್ನು ಎಂಜಲಿನ ಜೊತೆ ನುಂಗಿದ.

"ಕಂಡೇ!" ಎಂದಿತು ಒಂಬತ್ತನೇ ಕಿಟಕಿ. ಎತ್ತು ನಿಂತಿತು. ಬಯಲೂ ನಿಂತಿತು.

ದಾರದಮ್ಮ ಸುತ್ತ ನೋಡಿದಳು. "ಇನ್ನೊಬ್ಬ ಯಾರು?"

ಯಾರೂ ಇಲ್ಲ.

"ಒಂಟಿಕೂಗು," ಅಂದಳು ದಾರದಮ್ಮ, ನಂಬಲಾಗದವಳ ಹಾಗೆ. ಒಂಬತ್ತನೇ ಕಿಟಕಿಗೆ ಮೊದಲ ಇದ್ದಿಲ ಗೆರೆ ಬಿತ್ತು.

ಆ ದಿನ ಮೂರನೆಯವನು ಮುದ್ದೆ ಎರಡು ಹೆಚ್ಚು ಉಂಡ. ಹದಿನೈದು ದಿನ ಬಿಟ್ಟು ಮಡಕೆ ಮಾಡುವವಳು ಮಲಗಿದಾಗ ಇನ್ನೊಂದು ಕೂಗು ನುಂಗಿದ. ಎರಡನೇ ಗೆರೆ. ಒಂಬತ್ತನೆಯವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಈಚೆ ನೋಡಿದ. ಕಣ್ಣು ಉಜ್ಜಿಕೊಂಡ. ಹರಳು ಉಜ್ಜಿದ. ತಿರುಗಿ ಕಣ್ಣು ಉಜ್ಜಿಕೊಂಡ. ಪಾಪ ಅನಿಸಬೇಕಿತ್ತು. ಮೂರನೆಯವನಿಗೆ ಬೆಲ್ಲ ತಿಂದ ಹಾಗಾಯಿತು.

"ಇನ್ನೊಂದು ಗೆರೆ ಬಿದ್ರೆ ನಿಮ್ಮ ಒಂಬತ್ತನೆಯೋರಿಗೆ ಮಣ್ಣು," ಅಂದ ಹೆಂಡತಿಗೆ, ಕೈ ತೊಳೆಯುತ್ತ.

"ನಮ್ಮ ಒಂಬತ್ತನೆಯೋರಾ? ನಮ್ಮೋರು ಯಾವಾಗ ಆದ್ರು?" ಅಂದಳು ಅವಳು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

ಅವಳು ಊಟ ಬಿಡುತ್ತಿದ್ದಳು. ಅವನಿಗೆ ಕಂಡಿತ್ತು, ಹದ್ದಿನ ಕಣ್ಣಲ್ಲವೇ. ಬಳೆಗಳು ಸಡಿಲಾಗಿ ಕೈ ಎತ್ತಿದರೆ ಮೊಣಕೈ ತನಕ ಜಾರುತ್ತಿದ್ದವು. ಕೌದಿಯ ಹೊಲಿಗೆ ಅಂಕುಡೊಂಕಾಗಿತ್ತು. ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಇಷ್ಟನ್ನೂ ಕಂಡವನು ಏನಂದುಕೊಂಡ ಹೇಳಿ? ಓಹೋ, ಅಂದುಕೊಂಡ. ಅಲ್ಲಿ ಗೆರೆ ಬೀಳುತ್ತಿದೆ, ಇಲ್ಲಿ ಇವಳು ಸೊರಗುತ್ತಿದ್ದಾಳೆ. ಎಷ್ಟು ಕಂಡರೇನು, ಒಂದೇ ಕಿಟಕಿಯಿಂದ ಕಂಡದ್ದು. ಇನ್ನೊಂದು ಕಡೆಯಿಂದ ಕಂಡವರು ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಅವಳು ನೀರಿನ ಬಿಂದಿಗೆಯ ಪಕ್ಕ ಕೂತವಳು ಏಳಲಿಲ್ಲ.

ದಾರದಮ್ಮ ಬಂದು ಮೈಯೆಲ್ಲ ಒತ್ತಿ ನೋಡಿದಳು. "ಎಲ್ಲಿ ನೋವು ಮಗಳೇ?"

"ಎಲ್ಲಾ ಕಡೆ ಅಮ್ಮಾ. ಎಲ್ಲೂ ಇಲ್ಲ."

"ಎಷ್ಟು ದಿನದಿಂದ?"

"ದೀಪಾವಳಿ ಮುಂಚಿನಿಂದ."

ದಾರದಮ್ಮ ಮೂರನೆಯವನ ಕಡೆ ತಿರುಗಿದಳು. "ಲೇ, ಊರಿನೋರ ಮೈಯೆಲ್ಲ ಕಾಯೋ ಕಣ್ಣು ನಿಂದು. ಮನೇಲಿ ಏನು ಕಾಯ್ತಿದ್ದೆ?"

ಅವಳ ಕಿವಿ ಕಾಯುತ್ತಿದ್ದೆ ಅನ್ನೋಕಾಗುತ್ತದೆಯೇ?

"ಇನ್ನು ತಡ ಮಾಡಂಗಿಲ್ಲ," ಅಂದಳು ದಾರದಮ್ಮ. "ಇವತ್ತು ಸಿಗಬೇಕು. ಇವತ್ತು ಸಿಗಲಿಲ್ಲ ಅಂದ್ರೆ ಇನ್ನೊಂದು ಉಂಡೆ ತನಕ ಈ ಜೀವ ಕಾಯಲ್ಲ."

ಗಾಣ ತಿರುಗಿತು. ಎತ್ತು ಗೆರೆಯಾಯಿತು. ಅಜ್ಜ ಉಂಡೆ ಕಟ್ಟಿದ. ಬಟ್ಟಲು ನೀರಿಗೆ ಬಿತ್ತು. ಅವಳು ಉಂಡೆ ತಿಂದು ಮುಖ ಕಿವಿಚಿ, "ಅಜ್ಜಾ, ಏಲಕ್ಕಿ ಹಾಕಬಾರದಿತ್ತಾ?" ಅಂದಳು. ಮಲಗುಗಲ್ಲಿನ ಮೇಲೆ ಮಲಗಿ ಮಾತು ನಿಲ್ಲಿಸಿದಳು. ಉಂಡೆ ಒಳಗೆ ಇಳಿದು ಕಾಯಿಲೆಯ ಬಾಯಿ ಸೇರುವ ಹೊತ್ತಿಗೆ ಬಟ್ಟಲು ಒಮ್ಮೆ ಮುಳುಗಿತ್ತು. ಅರ್ಧ ಹೋಯಿತು.

"ಕಂಡೆ!" ಒಂದನೇ ಕಿಟಕಿ, ಏಳನೇ ಕಿಟಕಿ, ಒಂದೇ ಉಸಿರು. ದಾರ ಬಿತ್ತು.

"ಕಂಡೆ!" ಐದನೆಯದು, ಹನ್ನೊಂದನೆಯದು. ಎರಡನೇ ದಾರ ಅವಳ ಮೈಮೇಲೆ ಮೊದಲನೆಯದನ್ನು ದಾಟಿತು. ಊರು ಉಸಿರು ಹಿಡಿಯಿತು. ಇನ್ನೊಂದು ಬೇಕು.

ಆಗ ಮೂರನೇ ಗೂಡಿನ ಹರಳು ಹೊಳೆಯಿತು.

ಎಷ್ಟೋ ಮೈಗಳಿಂದ ಬಂದ ಬೆಳಕನ್ನು ಅವನು ಕಂಡಿದ್ದ. ಇದು ಅವಳದ್ದು. ಅವಳ ಒಳಗಿಂದ, ಅವನು ಯಾವತ್ತೂ ನೋಡದ ಜಾಗದಿಂದ ಹೊರಟ ನೀಲಿ. ಅವನ ಎದೆ ತುಂಬಿಬಂತು. ತುಂಬಿದ ಆ ಕ್ಷಣದಲ್ಲೇ ಇನ್ನೊಂದು ಯೋಚನೆ ಚೇಳಿನ ಹಾಗೆ ಹತ್ತಿತು: ಇದರ ಜೋಡಿ ಈಗ ಅವನಿಗೆ ಹೋಗಿದೆ. ಅವಳ ಬೆಳಕು. ಸರಿ ಅರ್ಧ. ಅವನ ಗೂಡಿನಲ್ಲಿ.

ಹಲ್ಲು ಕಚ್ಚಿಕೊಂಡವು. ಅಭ್ಯಾಸವಾದ ಗಂಟಲು ತಾನಾಗಿ ನುಂಗಿತು.

"ಕಂಡೇಏ!" ಎಂದಿತು ಒಂಬತ್ತನೇ ಕಿಟಕಿ.

ಒಂದು ಕೂಗು ಗಾಳಿ.

ಮೂರನೇ ಗೆರೆ ಎಳೆದರು. "ನಾನು ಕಂಡೆ! ನನ್ನ ಮಕ್ಕಳ ಆಣೆ ಕಂಡೆ!" ಅಂತ ಒಂಬತ್ತನೆಯವನು ಅರಚುತ್ತಿದ್ದ. ಕಟ್ಟಳೆಗೆ ಕಿವಿ ಇಲ್ಲ. ಇಬ್ಬರು ಅವನನ್ನು ಕೈ ಹಿಡಿದು ಹೊರಗೆ ತಂದರು, ಇಬ್ಬರು ಹಸಿಮಣ್ಣು ಕಲಸಿ ಕಿಟಕಿಗೆ ಮೆತ್ತಿದರು. ಮೂರನೆಯವನು ನೋಡುತ್ತ ನಿಂತ. ಎಷ್ಟು ದಿನದ ಆಸೆ! ಎದುರು ಕಿಟಕಿ ಇಲ್ಲ. ಎದುರು ಗಂಟಲು ಇಲ್ಲ. ಇನ್ನು ಊರಿಗೆಲ್ಲ ತಾನೊಬ್ಬನೇ.

ಹರಳು ಹೊಳೆಯಿತು.

"ಕಂಡೆ!" ಅಂದ ಅವನು, ಸೊಳ್ಳೆಗಂಟಲು ಹರಿಯುವ ಹಾಗೆ.

ದಾರದಮ್ಮ ಸುತ್ತ ನೋಡಿದಳು. "ಇನ್ನೊಬ್ಬ ಯಾರು?"

ಎದುರಿಗೆ ಒದ್ದೆ ಮಣ್ಣು.

"ಒಂಟಿಕೂಗು," ಅಂದಳು. ಮೂರನೇ ಕಿಟಕಿಗೆ ಗೆರೆ ಬಿತ್ತು.

ಬೆಳಕು ಯಾವ ಕಡೆ ಓಡಬೇಕು ಅಂತ ಯಾರೂ ಹೇಳುವ ಹಾಗಿಲ್ಲ. ಅಂದು ಅದು ಹಠ ಹಿಡಿದ ಮಗುವಿನ ಹಾಗೆ ಮೂರಕ್ಕೂ ಒಂಬತ್ತಕ್ಕೂ ಓಡುತ್ತಿತ್ತು. ಬೇರೆ ಹತ್ತು ಹರಳುಗಳೂ ಕಲ್ಲಿನಂತೆ ಕೂತಿದ್ದವು. ಬಟ್ಟಲು ಎರಡನೇ ಸಲ ಮುಳುಗಿತು. ಅರ್ಧದಲ್ಲಿ ಅರ್ಧ.

ಹರಳು ಹೊಳೆಯಿತು. "ಕಂಡೆ! ಅಮ್ಮಾ, ನಿಜವಾಗ್ಲೂ ಕಂಡೆ!"

"ಒಂಟಿಕೂಗು." ಎರಡನೇ ಗೆರೆ.

ಒಬ್ಬನೇ ಕಂಡರೆ ಹೇಗಿರುತ್ತದೆ ಅಂತ ಅವನಿಗೆ ಈಗ ತಿಳಿಯಿತು. ಕಂಡದ್ದು ನಿಜ. ಕೂಗಿದ್ದು ನಿಜ. ಕಲ್ಲಿನ ಮೇಲೆ ಅವಳು ಹಂದದೆ ಮಲಗಿದ್ದೂ ನಿಜ, ಬಳೆ ಮೊಣಕೈಗೆ ಜಾರಿದ್ದೂ ನಿಜ. ಎಲ್ಲ ನಿಜವೂ ಸೇರಿ ಒಂದು ದಾರದಷ್ಟಿಲ್ಲ. ಬಟ್ಟಲಿಗೆ ನೀರು ಮೂರನೇ ಸಲ ಏರುತ್ತಿತ್ತು. ಹರಳು ಇನ್ನೊಮ್ಮೆ ಹೊಳೆಯಿತು. ಅವನು ಬಾಯಿ ತೆರೆದ. ಕೂಗಿದರೆ ಮೂರನೇ ಗೆರೆ, ತನ್ನ ಕಿಟಕಿಗೂ ಮಣ್ಣು. ಕೂಗದಿದ್ದರೆ ಅವಳ ಬಾಯಿಗೆ ಮಣ್ಣು. ಬಾಯಿ ತೆರೆದೇ ನಿಂತ.

ನಿಂತ. ನಿಂತೇ ಇದ್ದ.

ಆಮೇಲೆ ಕಿಟಕಿಯಿಂದ ಹಾರಿದ. ಬಯಲು ದಾಟಿ, ದಾರಗಳ ಕೆಳಗೆ ಬಗ್ಗಿ, ಒಂಬತ್ತನೇ ಮನೆಯ ಜಗಲಿಯಲ್ಲಿ ತಲೆ ಹಿಡಿದು ಕೂತವನ ಕೈ ಹಿಡಿದ.

ಊರಿಗೆ ಊರೇ ಕಣ್ಣು ಮುಚ್ಚಿತು. ಎದುರು ಕಿಟಕಿಯವರು ಮುಟ್ಟಿಕೊಂಡರು! ಇನ್ನೇನು ಇಬ್ಬರೂ ಮಾಯ!

ಒಂದು ಗಳಿಗೆ ಬಿಟ್ಟು ಎಲ್ಲರೂ ಒಂದೊಂದೇ ಕಣ್ಣು ತೆರೆದರು. ಇಬ್ಬರೂ ಇದ್ದರು. ಕೈ ಬೆವೆತಿತ್ತು, ಅಷ್ಟೇ.

"ನೀನು ಕಂಡಿದ್ದು ಸುಳ್ಳಲ್ಲ," ಅಂದ ಮೂರನೆಯವನು. "ಮೂರು ಸಲವೂ ನಾನೂ ಕಂಡಿದ್ದೆ. ನುಂಗಿದೆ."

"ನುಂಗಿದ್ಯಾ? ಯಾಕೋ?"

"ನಿನ್ನ ಗಂಟಲಿಗೆ."

ಒಂಬತ್ತನೆಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. "ಥೂ ನಿನ್ನ! ಈ ಗಂಟಲಿಂದ ಮನೇಲಿ ನನ್ನ ಹೆಂಡ್ತಿ ಕಿವಿಗೆ ಹತ್ತಿ ಇಟ್ಕೊಂಡು ಓಡಾಡ್ತಾಳೆ. ಬೇಕಿದ್ರೆ ತಗೊಂಡು ಹೋಗೋ ಮಾರಾಯ, ಬರೀ ಗಂಟಲಿಗೆ ನನ್ನ ಕಿಟಕಿ ಮುಚ್ಚಿಸಿದ್ಯಲ್ಲೋ!"

"ಶಿಕ್ಷೆ ಆಮೇಲೆ!" ಅಂತ ದಾರದಮ್ಮ ಗದರಿದಳು. "ಮೊದಲು ಕಿಟಕಿ. ಮಣ್ಣು ಕೀಳ್ರೋ! ನೀನು ನಿನ್ನ ಗೂಡಿಗೆ ಓಡು!"

ಹಸಿಮಣ್ಣನ್ನು ಹತ್ತು ಕೈಗಳು ಕಿತ್ತವು. ಮೂರನೆಯವನು ಓಡಿ ಬಂದು ಗೂಡಿನಲ್ಲಿ ಮುಖ ಇಟ್ಟ. ಹರಳು ಕಪ್ಪಗಿತ್ತು. ಬಟ್ಟಲಿನ ಅಂಚು ನೀರಿಗಿಂತ ಎರಡು ಕೂದಲೆಳೆ ಮೇಲಿತ್ತು. ಹರಳು ಕಪ್ಪಗಿತ್ತು. ಅವನು ಜನ್ಮದಲ್ಲಿ ಮೊದಲ ಸಲ, ಬೆಳಕು ತನಗೆ ಮಾತ್ರ ಬರಲಿ ಅನ್ನಲಿಲ್ಲ; ಅವನಿಗೂ ಹೋಗಲಿ, ಅವನಿಗೂ ಹೋಗಲಿ ಅಂತ ಬೇಡಿಕೊಂಡ. ಬೇಡಿಕೊಳ್ಳುತ್ತಲೇ ಹೊಟ್ಟೆ ಉರಿಯಿತು. ಉರಿಯುತ್ತಲೇ ಬೇಡಿಕೊಂಡ.

ಹರಳು ಹೊಳೆಯಿತು.

"ಕಂಡೆ!"

ಎತ್ತು ನಿಂತಿತು. ಗುಡುಗು ಯಾವುದು, ಸೊಳ್ಳೆ ಯಾವುದು, ಯಾರಿಗೂ ಬಿಡಿಸಿ ಹೇಳಲಾಗಲಿಲ್ಲ. ಒಂದೇ ಉಸಿರು. ಕೆಂಪು ದಾರ ಮೂರರಿಂದ ಒಂಬತ್ತಕ್ಕೆ ಹಾರಿತು, ಉಳಿದೆರಡರ ಜೊತೆ ಅವಳ ಎಡ ಪಕ್ಕೆಲುಬಿನ ಕೆಳಗೆ ಕೂಡಿತು. ಬಟ್ಟಲು ಮುಳುಗಿತು. ದಾರದಮ್ಮ ಬೆರಳಿಟ್ಟಳು.

"ಇಲ್ಲಿದೀಯಾ, ಕಳ್ಳಿ," ಅಂದಳು. "ನೆಲ್ಲಿಕಾಯಷ್ಟು."

ಕಾಯಿಲೆ ಇಳಿಯಲು ಮೂರು ತಿಂಗಳು ಹಿಡಿಯಿತು. ಅವಳ ಬಳೆ ಮಣಿಕಟ್ಟಿಗೆ ವಾಪಸು ಬಂತು. ಒಂದು ಮಧ್ಯಾಹ್ನ ಅವನು ಅವಳ ಪಕ್ಕ ಕೂತು, ಕೌದಿಯ ಅಂಚು ಎಳೆಯುತ್ತ ಕೇಳಿದ:

"ಅವತ್ತು... ನಿನ್ನ ಬೆಳಕು ಅವನಿಗೂ ಹೋಯ್ತಲ್ಲ."

"ಎರಡು ಹೊರಡ್ತಾವಂತೆ. ನಿಮ್ಮದು ನಿಮಗೆ ಬಂತು ತಾನೆ?"

"ಬಂತು."

"ಮತ್ತೆ?"

"ಯಾರ ಕೂಗು ಮೊದಲು ಕೇಳಿಸ್ತು ನಿಂಗೆ?"

ಅವಳು ಸೂಜಿ ಬಿಟ್ಟು ನಕ್ಕಳು. ಪಕ್ಕೆ ಹಿಡಿದುಕೊಂಡು ನಕ್ಕಳು.

ಶಿಕ್ಷೆ? ಮರೆತಿಲ್ಲ. ಕೂಗು ನುಂಗಿದವನಿಗೆ ಕಿಟಕಿ ಇಲ್ಲ. ಮೂರನೆಯವನನ್ನು ಗಾಣಕ್ಕೆ ಹಾಕಿದರು, ಎತ್ತಿನ ಹಿಂದೆ ಸುತ್ತಲು. ಖಾಲಿಯಾದ ಮೂರನೇ ಕಿಟಕಿಗೆ ಯಾರು? ಚುರುಕು ಕಣ್ಣು ಬೇಕು, ಹೊಲಿಗೆಯವಳ ಕಣ್ಣು. ಅವನ ಹೆಂಡತಿಯನ್ನೇ ಕೂರಿಸಿದರು. ಈಗ ಯಾರು ಮಲಗುಗಲ್ಲಿನ ಮೇಲೆ ಮಲಗಿದರೂ ಅವಳ ದನಿಯೂ ಒಂಬತ್ತನೆಯವನ ದನಿಯೂ ಒಂದೇ ಉಸಿರಿಗೆ "ಕಂಡೆ!" ಅನ್ನುತ್ತವೆ. ಎತ್ತು ನಿಲ್ಲುತ್ತದೆ. ಅವನು ಕಿವಿ ಮುಚ್ಚಿಕೊಳ್ಳಲಾರ, ಕೈಯಲ್ಲಿ ಹಗ್ಗವಿದೆ. ಹೊಟ್ಟೆ ಉರಿಯುತ್ತದೆ. ಎತ್ತಿನ ಬೆನ್ನು ತಟ್ಟಿ, "ನಡಿಯೋ, ಯಾರೋ ಬದುಕಿದರು" ಅನ್ನುತ್ತಾನೆ. ಗಾಣ ತಿರುಗುತ್ತದೆ.

ಈಗ ನಿಜ ಹೇಳಿಬಿಡ್ತೀನಿ, ಬೈಯಬೇಡಿ. ನನಗೆ ಸಿಕ್ಕಿದ ಕಥೆ ಅವನು ಬಾಯಿ ತೆರೆದು ನಿಂತಲ್ಲಿಗೆ ಮುಗಿಯುತ್ತೆ. ಹರಳು ಹೊಳೆದಿದೆ, ಎದುರಿಗೆ ಒದ್ದೆ ಮಣ್ಣು, ಬಟ್ಟಲಿಗೆ ನೀರು ಏರ್ತಾ ಇದೆ, ಅವನು ನಿಂತೇ ಇದ್ದಾನೆ. ಅವಳು ಕಲ್ಲಿನ ಮೇಲೆ ಹಂದದೆ ಮಲಗಿದ್ದಾಳೆ. ಅಷ್ಟೇ. ಕಿಟಕಿಯಿಂದ ಹಾರಿದ್ದು, ಕೈ ಹಿಡಿದಿದ್ದು, ನೆಲ್ಲಿಕಾಯಿ, ಗಾಣದ ಶಿಕ್ಷೆ, ಎಲ್ಲ ನಾನು ಕಟ್ಟಿದ್ದು. ಅವಳನ್ನು ಹಾಗೇ ಬಿಟ್ಟು ಎದ್ದು ಹೋಗೋಕೆ ನನ್ನ ಕೈಲಿ ಆಗಲಿಲ್ಲ.

ಈ ಕೊನೆಯನ್ನು ಕಂಡವನು ನಾನೊಬ್ಬನೇ. ಒಂಟಿಕೂಗು. ಆ ಊರಿನ ಕಟ್ಟಳೆ ಪ್ರಕಾರ ಬರೀ ಗಾಳಿ.

ಆದರೆ ನೀವು ನನ್ನ ಎದುರಿಗೇ ಕೂತಿದ್ದೀರಿ. ಮಿಠಾಯಿ ಆಮೇಲೆ ಅರ್ಧ ಅರ್ಧ. ನಾನು ಉಸಿರು ಎಳೆದುಕೊಂಡೆ. ನೀವೂ ಎಳೆದುಕೊಳ್ಳಿ.